ಅಪ್ಪನ ಪರವಾಗಿ ನಾನು ಒತ್ತಿದ ಬಟನ್

ಕಳೆದ ಭಾನುವಾರ ಮಳವಳ್ಳಿಗೆ ಹೋಗಿದ್ದೆ. ಮುದ್ದೆ ಊಟ ಮುಗಿಸಿ ಜಗಲಿ ಮೇಲೆ ಕೂತಿದ್ದಾಗ ಅಪ್ಪ ತಮ್ಮ ಫೋನನ್ನು ನನ್ನ ಕೈಗಿಟ್ಟು, "ಇದ್ಯಾವ್ದವ್ವ ನೀಲಿ ಬಳೆ? ನಾನಂತೂ ಹಾಕ್ಕಂಡಿಲ್ಲ. ತೆಗ್ದುಬುಡು ಅತ್ಲಾಗೆ" ಅಂದ್ರು. ವಾಟ್ಸಾಪ್ ಒಳಗೆ ದುಂಡಗೆ ಕೂತಿರುತ್ತಲ್ಲ, ಮೆಟಾ ಎಐ, ಅದು. ಅದರ ವಿಷಯಕ್ಕೆ ಆಮೇಲೆ ಬರ್ತೀನಿ. ಅದಕ್ಕೆ ಮೊದಲು, ಸುಮಾರು ಹತ್ತು ವರ್ಷದ ಹಿಂದೆ ನಾನು ಮಾಡಿದ ಒಂದು ಕೆಲಸವನ್ನ ಒಪ್ಪಿಕೊಳ್ಳಬೇಕು.

2015ರ ಡಿಸೆಂಬರ್. ಬೆಂಗಳೂರಿಗೆ ಬಂದು ಕೆಲಸಕ್ಕೆ ಸೇರಿ ಒಂದೂವರೆ ವರ್ಷ ಆಗಿತ್ತು. ಪಿಜಿಯಲ್ಲಿ ರಾತ್ರಿ ಮಲಗೋ ಮುಂಚೆ ಫೇಸ್‌ಬುಕ್ ನೋಡೋದು ಆಗ ದಿನಚರಿ. ಒಂದು ನೋಟಿಫಿಕೇಷನ್ ಬಂತು. ಬಡವರಿಗೆ ಉಚಿತವಾಗಿ ಇಂಟರ್ನೆಟ್ ಕೊಡೋ 'ಫ್ರೀ ಬೇಸಿಕ್ಸ್'ಗೆ ಅಪಾಯ ಬಂದಿದೆ, ಕೆಲವೇ ಕೆಲವರು ಗಲಾಟೆ ಮಾಡಿ ಅದನ್ನ ನಿಲ್ಲಿಸೋಕೆ ನೋಡ್ತಿದ್ದಾರೆ, ನೀವು ಬೆಂಬಲ ಕೊಡಿ ಅಂತ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದ್ರೆ ಟ್ರಾಯ್‌ಗೆ ಹೋಗಬೇಕಾದ ಪತ್ರವನ್ನೂ ಅವರೇ ಬರೆದಿಟ್ಟಿದ್ದರು. ನನ್ನದು ಹೆಸರು ಮಾತ್ರ.

ಪತ್ರ ಪೂರ್ತಿ ಓದಲಿಲ್ಲ. ಒತ್ತಿದೆ. ನಮ್ಮಪ್ಪನಂಥವರಿಗೆ ಏನೋ ಒಳ್ಳೇದು ಮಾಡಿದೆ ಅನ್ನೋ ಸಮಾಧಾನದಲ್ಲಿ ಮಲಗಿದೆ.

ಆಮೇಲಿನ ಒಂದೆರಡು ವಾರ ಎಲ್ಲಿ ನೋಡಿದರೂ ಅದೇ. ಪೇಪರ್ ಬಿಡಿಸಿದರೆ ಪೂರ್ತಿ ಪುಟದ ಜಾಹೀರಾತು. ರಸ್ತೆಯಲ್ಲಿ ಹೋರ್ಡಿಂಗ್. ಬೆಂಬಲ ಸೂಚಿಸೋಕೆ ಮಿಸ್ಡ್ ಕಾಲ್ ಕೊಡಿ ಅಂತ ಒಂದು ನಂಬರ್. ಡಿಸೆಂಬರ್ 28ಕ್ಕೆ ಮಾರ್ಕ್ ಜುಕರ್‌ಬರ್ಗ್ ಸ್ವತಃ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಲೇಖನ ಬರೆದರು. ಅದರಲ್ಲಿ ಮಹಾರಾಷ್ಟ್ರದ ಗಣೇಶ್ ಅನ್ನೋ ರೈತನ ಕಥೆ ಇತ್ತು. ಫ್ರೀ ಬೇಸಿಕ್ಸ್‌ನಲ್ಲಿ ಹವಾಮಾನ ನೋಡ್ತಾನೆ, ಮಾರುಕಟ್ಟೆ ದರ ನೋಡ್ತಾನೆ, ಈಗ ಹೊಸ ಬೆಳೆ, ದನಕರು ಅಂತ ಬಂಡವಾಳ ಹಾಕ್ತಿದ್ದಾನೆ. ಇದಕ್ಕೆ ಯಾರಾದರೂ ಯಾಕೆ ಅಡ್ಡ ಬರ್ತಾರೆ ಅನ್ನೋದು ಲೇಖನದ ಧಾಟಿ.

ನಿಜ ಹೇಳ್ತೀನಿ, ನನಗೆ ಕಣ್ಣು ತುಂಬಿ ಬಂತು. ನಮ್ಮನೇಲೂ ಒಬ್ಬ ರೈತ ಇದ್ದಾರಲ್ಲ. ಎರಡು ಎಕರೆ ಕಬ್ಬು, ಮನೆ ಮಟ್ಟಿಗೆ ಭತ್ತ, ಕಾರ್ಖಾನೆ ಕಬ್ಬು ತಗೊಳ್ಳೋದು ತಡ ಆದರೆ ಆಲೆಮನೆ. ಕೂಡಲೇ ಫೋನ್ ಮಾಡಿದೆ. ಆಗ ಅಪ್ಪನ ಹತ್ರ ಇದ್ದದ್ದು ಬಟನ್ ಸೆಟ್ಟು.

"ಅಪ್ಪಾ, ಇನ್ಮೇಲೆ ಬೆಲ್ಲದ ರೇಟನ್ನ ಫೋನಲ್ಲೇ ಫ್ರೀಯಾಗಿ ನೋಡ್ಬೋದಂತೆ."

"ಯಾರವ್ವ ಕೊಡಾದು?"

"ಫೇಸ್‌ಬುಕ್ನೋರು. ಅಮೆರಿಕದ ಕಂಪನಿ."

"ಸುಮ್ನೆ ಕೊಡ್ತನೆ ಅಂದ್ರೆ ಅವ್ನ್ಗೇನವ್ವ ಲಾಭ?" ಒಂದು ಗಳಿಗೆ ಬಿಟ್ಟು, "ನಾ ನೋಡುದ್ರೆ ರೇಟು ಜಾಸ್ತಿ ಆಯ್ತದಾ?"

ಅಪ್ಪನಿಗೆ ಇದೆಲ್ಲ ಅರ್ಥ ಆಗಲ್ಲ ಅಂದುಕೊಂಡು ಫೋನ್ ಇಟ್ಟೆ. ಅವರ ಪರವಾಗಿ ಟ್ರಾಯ್‌ಗೆ ಪತ್ರ ಕಳಿಸಿದ್ದೀನಿ ಅಂತ ಹೇಳಲೂ ಇಲ್ಲ, ಅವರನ್ನ ಕೇಳಲೂ ಇಲ್ಲ.

ಫ್ರೀ ಬೇಸಿಕ್ಸ್ ಅಂದ್ರೆ ನಿಜವಾಗಿ ಏನು ಅಂತ ನಾನು ತಿಳ್ಕೊಂಡಿದ್ದು ಎಲ್ಲಾ ಮುಗಿದ ಮೇಲೆ. ಅದು ಉಚಿತ ಇಂಟರ್ನೆಟ್ ಆಗಿರಲಿಲ್ಲ. ಫೇಸ್‌ಬುಕ್ಕೂ ಸೇರಿದಂತೆ, ಅದರ ಷರತ್ತಿಗೆ ಒಪ್ಪಿ ಬಂದ ಕೆಲವು ಸೈಟುಗಳು ಮಾತ್ರ ಉಚಿತ. ಆ ಬೇಲಿ ದಾಟಿದರೆ ದುಡ್ಡು. ವಿಡಿಯೋ ಇಲ್ಲ. ಯಾರು ಬೇಕಾದರೂ ಸೇರಬಹುದು ಅಂತ ಕಂಪನಿ ಹೇಳ್ತಿತ್ತು, ಅದು ಸುಳ್ಳೇನಲ್ಲ. ಆದರೆ ಷರತ್ತು ಬರೆಯೋದೂ ತಿದ್ದೋದೂ ಅದೇ ಕಂಪನಿ. ಅವತ್ತು ಅದನ್ನ ಹಳ್ಳಿಗೆ ಒಯ್ಯೋಕೆ ಜೊತೆಯಾಗಿದ್ದು ರಿಲಯನ್ಸ್ ಕಮ್ಯುನಿಕೇಷನ್ಸ್.

ನಮ್ಮ ಕಡೆಯವರಿಗೆ ಇದನ್ನ ಕರೆಂಟಿನ ಲೆಕ್ಕದಲ್ಲಿ ಹೇಳೋದು ಸುಲಭ. ನಮ್ಮ ತಾಲೂಕಿನ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆದದ್ದು 1902ರಲ್ಲಿ. ಮೊದಲು ಹೋಗಿದ್ದು ನೂರು ಕಿಲೋಮೀಟರಿಗೂ ದೂರದ ಕೋಲಾರದ ಚಿನ್ನದ ಗಣಿಗೆ, 1905ಕ್ಕೆ ಬೆಂಗಳೂರಿನ ದೀಪಗಳಿಗೆ. ತಂತಿ ನಮ್ಮ ತಲೆ ಮೇಲೇ ಹಾದುಹೋಗ್ತಿದ್ದರೂ ನಮ್ಮ ತಾತ ಸೀಮೆಎಣ್ಣೆ ಬುಡ್ಡಿಯಲ್ಲೇ ಕಾಲ ಕಳೆದರು. ಈಗ ಬೆಂಗಳೂರಿನ ನಲ್ಲಿಗೆ ನೀರು ಹೋಗೋದೂ ನಮ್ಮ ತೊರೆಕಾಡನಹಳ್ಳಿಯಿಂದಲೇ, ಅದು ಬೇರೆ ಮಾತು. ತಡವಾಗಿಯಾದರೂ ಮನೆಗೆ ಕರೆಂಟ್ ಬಂದ ಮೇಲೆ ಒಂದು ನ್ಯಾಯ ಇತ್ತು. ಕೆಇಬಿಯವರು (ಹೆಸರು ಸೆಸ್ಕ್ ಆಗಿ ಎಷ್ಟು ವರ್ಷ ಆದರೂ ನಮ್ಮೂರಲ್ಲಿ ಕೆಇಬಿನೇ) ಎಷ್ಟು ಯೂನಿಟ್ ಉರಿಸಿದ್ರಿ ಅಂತ ನೋಡ್ತಾರೆ. ಯಾವ ಕಂಪನಿ ಮಿಕ್ಸಿ, ಯಾವ ಕಂಪನಿ ಬಲ್ಬು ಅಂತ ಕೇಳಲ್ಲ. ನಾಳೆ ಒಂದು ಬಲ್ಬ್ ಕಂಪನಿ ಬಂದು, "ನಮ್ಮ ಬಲ್ಬ್ ಹಾಕಿದವರಿಗೆ ಕರೆಂಟ್ ಫ್ರೀ, ಬೇರೆ ಬಲ್ಬಿಗೆ ಯೂನಿಟ್ ಲೆಕ್ಕ" ಅಂದ್ರೆ ಮೊದಲ ವರ್ಷ ನಾವೆಲ್ಲ ಕುಣಿದಾಡ್ತೀವಿ. ಬೇರೆ ಬಲ್ಬ್ ಮಾಡೋನು ಅಂಗಡಿ ಮುಚ್ಚಿದ ಮೇಲೆ ಆ ಕಂಪನಿ ಹೇಳಿದ್ದೇ ಬೆಳಕು.

ಆದರೆ ನನ್ನನ್ನ ಇವತ್ತಿಗೂ ಕಾಡೋದು ಯೋಜನೆಯಲ್ಲ. ಪ್ರಶ್ನೆಯನ್ನೇ ಬದಲಾಯಿಸಿದ ರೀತಿ.

ಟ್ರಾಯ್ ಡಿಸೆಂಬರ್ 9ಕ್ಕೆ ಹೊರಡಿಸಿದ ಸಮಾಲೋಚನಾ ಪತ್ರದಲ್ಲಿ ಇದ್ದದ್ದು ನಾಲ್ಕು ಪ್ರಶ್ನೆ. ಬೇರೆ ಬೇರೆ ಸೈಟು, ಆ್ಯಪ್‌ಗಳಿಗೆ ದೂರಸಂಪರ್ಕ ಕಂಪನಿಗಳು ಬೇರೆ ಬೇರೆ ದರ ಹಾಕಬಹುದಾ ಅನ್ನೋದು ಅದರ ಸಾರ. ಒಣ ಪ್ರಶ್ನೆ, ಓದಿದರೆ ಆಕಳಿಕೆ ಬರುತ್ತೆ. ನನ್ನ ಫೋನಿಗೆ ಬಂದಿದ್ದು ಈ ಪ್ರಶ್ನೆ ಅಲ್ಲವೇ ಅಲ್ಲ. ಅಲ್ಲಿ ಕೇಳಿದ್ದು, ಬಡವರಿಗೆ ಇಂಟರ್ನೆಟ್ ಬೇಕಾ ಬೇಡವಾ ಅಂತ. ಬೇಡ ಅನ್ನೋಕೆ ಯಾರಿಗೆ ಮನಸ್ಸು ಬರುತ್ತೆ? ಆ ಹೆಸರನ್ನೇ ನೋಡಿ. ಫ್ರೀ ಬೇಡ ಅನ್ನೋನು ದಡ್ಡ, ಬೇಸಿಕ್ ಬೇಡ ಅನ್ನೋನು ಕಟುಕ. ಹಳ್ಳಿ ಸಭೆಗಳಲ್ಲಿ ಇಂಥ ಆಟ ನೋಡಿರ್ತೀರಿ. "ಊರಿಗೆ ನೀರು ಬೇಕೋ ಬ್ಯಾಡ್ವೋ?" ಅಂತ ಕೂಗ್ತಾರೆ, ಎಲ್ಲರೂ ಕೈ ಎತ್ತುತ್ತಾರೆ. ಆಮೇಲೆ ನಡಾವಳಿ ಪುಸ್ತಕದಲ್ಲಿ ನೋಡಿದರೆ ಟ್ಯಾಂಕಿನ ಗುತ್ತಿಗೆ ಇಂಥವರಿಗೆ ಅಂತ ಸರ್ವಾನುಮತದ ತೀರ್ಮಾನ ಆಗಿರುತ್ತೆ.

ಅದೂ ಈ ಸಭೆಯ ಚಾವಡಿ ಫೇಸ್‌ಬುಕ್ಕಿನದೇ. ಆ ಹೊತ್ತಿಗೆ ದೇಶದಲ್ಲಿ ಅದರ ಬಳಕೆದಾರರು 12 ಕೋಟಿಗೂ ಮೇಲೆ. ಯಾವ ರಾಜಕೀಯ ಪಕ್ಷಕ್ಕೂ ಅಷ್ಟು ಜನರ ಕೈಗೆ ಒಂದೇ ರಾತ್ರಿ ಕರಪತ್ರ ತಲುಪಿಸೋಕೆ ಆಗಲ್ಲ. ಟ್ರಾಯ್‌ಗೆ ಬಂದ ಸುಮಾರು 24 ಲಕ್ಷ ಪ್ರತಿಕ್ರಿಯೆಗಳಲ್ಲಿ 18 ಲಕ್ಷಕ್ಕೂ ಹೆಚ್ಚು ಫ್ರೀ ಬೇಸಿಕ್ಸ್ ಪರ, ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥವು. ಅದರಲ್ಲೊಂದು ನನ್ನದು. ಎದುರಿನ ಪಾಳಯದವರೂ, ಅಂದರೆ 'ಸೇವ್ ದಿ ಇಂಟರ್ನೆಟ್' ಅಂತ ಶುರುಮಾಡಿದ್ದ ಸ್ವಯಂಸೇವಕರೂ, ರೆಡಿಮೇಡ್ ಪತ್ರವನ್ನೇ ಕಳಿಸಿದ್ದು ಅನ್ನೋದನ್ನ ಮರೆಮಾಚಬಾರದು. ವ್ಯತ್ಯಾಸ ಏನಂದ್ರೆ ಅವರ ಪತ್ರದಲ್ಲಿ ಟ್ರಾಯ್ ಕೇಳಿದ್ದಕ್ಕೆ ಉತ್ತರ ಇತ್ತು. ನಮ್ಮದರಲ್ಲಿ ಇರಲಿಲ್ಲ. ಟ್ರಾಯ್ ಇದನ್ನೇ ಹಿಡೀತು. ನಿಮ್ಮ ಬಳಕೆದಾರರಿಗೆ ನಮ್ಮ ಪ್ರಶ್ನೆಗಳನ್ನೇ ತಲುಪಿಸಿ, ಅದಕ್ಕೆ ಉತ್ತರ ತರಿಸಿ ಅಂತ ಫೇಸ್‌ಬುಕ್‌ಗೆ ಬರೀತು. 2016ರ ಜನವರಿಯಲ್ಲಿ ಇನ್ನೂ ಖಾರವಾಗಿ, ಇದು ಸಮಾಲೋಚನೆಯನ್ನ ತಲೆ ಎಣಿಸೋ ಕೃತಕ ಮತದಾನ ಮಾಡಿದಂಗಾಯ್ತು ಅನ್ನೋ ಅರ್ಥದಲ್ಲಿ ಪತ್ರ ಬರೀತು. ಸರ್ಕಾರಿ ಕಚೇರಿಯ ಕಾಗದ ಓದಿ ನನಗೆ ನಾಚಿಕೆ ಆಗಿದ್ದು ಅದೊಂದೇ ಸಲ.

2016ರ ಫೆಬ್ರವರಿ 8ಕ್ಕೆ ಆದೇಶ ಬಂತು. ಸೈಟು ನೋಡಿ ಬೇರೆ ಬೇರೆ ದರ ಹಾಕೋ ಹಂಗಿಲ್ಲ, ಮೀರಿದರೆ ದಿನಕ್ಕೆ 50 ಸಾವಿರ ದಂಡ. ಮೂರೇ ದಿನದಲ್ಲಿ ಫ್ರೀ ಬೇಸಿಕ್ಸ್ ಭಾರತದಿಂದ ಹೊರಟಿತು. ಆ ನಡುವೆ ಫೇಸ್‌ಬುಕ್ ನಿರ್ದೇಶಕರಲ್ಲೊಬ್ಬರಾದ ಮಾರ್ಕ್ ಆಂಡ್ರೀಸನ್, ವಸಾಹತು ಆಳ್ವಿಕೆಯ ವಿರೋಧದಿಂದಲೇ ಭಾರತ ದಶಕಗಳ ಕಾಲ ಕೆಟ್ಟಿತು, ಈಗ ಯಾಕೆ ನಿಲ್ಲಿಸಬೇಕು ಅನ್ನೋ ಅರ್ಥದ ಟ್ವೀಟ್ ಹಾಕಿ ಬೈಸಿಕೊಂಡು ಕ್ಷಮೆ ಕೇಳಿದರು. ಪೂರ್ತಿ ಪುಟದ ಜಾಹೀರಾತಿನಲ್ಲಿ ಇರದ ಮಾತು ಒಂದು ಟ್ವೀಟಿನಲ್ಲಿ ಬಂತು.

ಇಲ್ಲಿಗೆ ಗೆದ್ದೆವು ಅಂತ ಬರೆದು ಮುಗಿಸಬಹುದಿತ್ತು. ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಜಿಯೋ ಬಂತು. ಅಪ್ಪನ ಕೈಗೂ ಸ್ಮಾರ್ಟ್‌ಫೋನ್ ಬಂತು, ಪೂರ್ತಿ ಇಂಟರ್ನೆಟ್ಟೇ ಬಂತು. ಅವರು ಅದರಲ್ಲಿ ಹೊಕ್ಕಿದ್ದು ಎಲ್ಲಿಗೆ? ವಾಟ್ಸಾಪ್‌ಗೆ. ಕೆಆರ್‌ಎಸ್ ನೀರಿನ ಮಟ್ಟ, ಕಬ್ಬು ಕಡಿಯೋ ಆಳುಗಳ ಮಾತು, ಮದುವೆ ಕಾಗದ, ಸಾವಿನ ಸುದ್ದಿ, ಮೊಮ್ಮಗನ ಫೋಟೋ ಎಲ್ಲಾ ಅಲ್ಲೇ. ಅಪ್ಪ "ನೆಟ್ ಇಲ್ಲ ಕಣವ್ವ" ಅಂದ್ರೆ ವಾಟ್ಸಾಪ್ ಬರ್ತಿಲ್ಲ ಅಂತ ಅರ್ಥ. ಯಾರೂ ಬೇಲಿ ಹಾಕಲಿಲ್ಲ, ಹಾಕಬೇಕಾಗೂ ಬರಲಿಲ್ಲ. 2020ರ ಏಪ್ರಿಲಿನಲ್ಲಿ ಫೇಸ್‌ಬುಕ್ 43,574 ಕೋಟಿ ರೂಪಾಯಿ ಕೊಟ್ಟು ಜಿಯೋ ಪ್ಲಾಟ್‌ಫಾರ್ಮ್ಸ್‌ನಲ್ಲಿ 9.99 ಶೇಕಡಾ ಪಾಲು ತಗೊಂಡಿತು. ಅದು ಕಾನೂನುಬದ್ಧ ವ್ಯವಹಾರವೇ. ನಾನು ಲೆಕ್ಕ ಮಾತ್ರ ಹೇಳ್ತಿದ್ದೀನಿ.

2021ರ ಜನವರಿಯಲ್ಲಿ ಮತ್ತೆ ಪೇಪರಿನಲ್ಲಿ ಪೂರ್ತಿ ಪುಟ. ಈ ಸಲ ವಾಟ್ಸಾಪ್‌ನದು, ನಿಮ್ಮ ಖಾಸಗಿತನವನ್ನ ಗೌರವಿಸ್ತೀವಿ ಅಂತ. ಹೊಸ ಪಾಲಿಸಿಗೆ ಒಪ್ಪಿಗೆ ಕೊಡಿ ಅನ್ನೋ ನೋಟಿಸ್ ಬಂದು ಜನ ಗಾಬರಿಯಾಗಿದ್ದ ಹೊತ್ತು ಅದು. ಜಾಹೀರಾತು ಹೇಳಿದ್ದು, ನಿಮ್ಮ ಮೆಸೇಜನ್ನ ನಾವು ಓದಲ್ಲ ಅಂತ. ನಿಜವೇ. ಜನರ ಪ್ರಶ್ನೆ ಇದ್ದದ್ದು ಉಳಿದ ಮಾಹಿತಿಯನ್ನ ಫೇಸ್‌ಬುಕ್‌ನ ಬೇರೆ ಕಂಪನಿಗಳ ಜೊತೆ ಹಂಚಿಕೊಳ್ಳೋದರ ಬಗ್ಗೆ. ಮತ್ತೆ ಪ್ರಶ್ನೆ ಒಂದು, ಉತ್ತರ ಇನ್ನೊಂದು. ಈ ಸಲ ನನಗೆ ಗೊತ್ತಾಯ್ತು. ಗೊತ್ತಾಗಿ ಏನು ಮಾಡಿದೆ? ಸಿಗ್ನಲ್ ಹಾಕ್ಕೊಂಡೆ. ಅಲ್ಲಿ ನಾನು, ನನ್ನ ಟೀಮಿನ ಇಬ್ಬರು. ಅಪ್ಪ ಇರಲಿಲ್ಲ, ಅತ್ತೆಯಂದಿರು ಇರಲಿಲ್ಲ, ಆಫೀಸ್ ಗ್ರೂಪ್ ಇರಲಿಲ್ಲ. ಹದಿನೈದು ದಿನಕ್ಕೆ ವಾಪಸ್ ಬಂದು ಒಪ್ಪಿಗೆ ಒತ್ತಿದೆ. ಅಪ್ಪನ ಫೋನಿನಲ್ಲೂ ನಾನೇ ಒತ್ತಿದೆ, ಎರಡನೇ ಸಲ ಅವರನ್ನ ಕೇಳದೆ.

ಆ ಪಾಲಿಸಿಯನ್ನ ಹೇರಿದ ರೀತಿ ತಪ್ಪು ಅಂತ ಸ್ಪರ್ಧಾ ಆಯೋಗ 2024ರ ನವೆಂಬರಿನಲ್ಲಿ ಮೆಟಾಗೆ 213.14 ಕೋಟಿ ದಂಡ ಹಾಕಿತು. ಒಪ್ಪು, ಇಲ್ಲದಿದ್ದರೆ ಬಿಡು ಅನ್ನೋದು ಆಯ್ಕೆಯೇ ಅಲ್ಲ ಅನ್ನೋದು ಆಯೋಗದ ವಾದ. ಮೆಟಾ ಮೇಲ್ಮನವಿಗೆ ಹೋಯ್ತು. ಬಿಡೋಕೆ ಆಗಲ್ಲ ಅನ್ನೋದಕ್ಕೆ ನಾನೇ ಸಾಕ್ಷಿ, ಆದರೆ ನನ್ನನ್ನ ಯಾರೂ ಕರೆದಿಲ್ಲ.

ಈಗ ಜಗಲಿಗೆ ಬರೋಣ.

"ತೆಗಿಯಕ್ಕಾಗಲ್ಲ ಕಣಪ್ಪ," ಅಂದೆ. "ಅವರು ಕೊಟ್ಟಿಲ್ಲ ಆ ಬಟನ್."

ಅಪ್ಪ ಫೋನನ್ನ ತಿರುಗಿಸಿ ಮುರುಗಿಸಿ ನೋಡಿದ್ರು. "ದುಡ್ಡು ಕೊಟ್ಟು ತಕ್ಕಂಡಿರೋದು ನಾವು. ಇದ್ಯಾತ್ರ ನ್ಯಾಯ್ವವ್ವ?"

ಆಗ ಹೇಳಿದೆ. 2015ರ ಪತ್ರ, ಗಣೇಶ, ಬೆಲ್ಲದ ರೇಟು, ಒಪ್ಪಿಗೆ, ಎಲ್ಲಾ. ಹೇಳ್ತಾ ಹೇಳ್ತಾ ನನ್ನ ದನಿ ಇಳೀತು. ಅಪ್ಪ ಬೈಯ್ಯಲಿಲ್ಲ. ಎಲೆ ಅಡಿಕೆ ಬಾಯಿಗೆ ಹಾಕ್ಕೊಂಡು, "ನನ್ ಹೆಸ್ರಲ್ಲಿ ಕಾಗ್ದ ಬರ್ದಿದ್ದೆ ಅನ್ನು. ಏನಂತ ಬರ್ದಿದ್ದೆ, ವಸಿ ಓದವ್ವ ಕೇಳವಾ" ಅಂದ್ರು.

ಹಳೇ ಮೇಲ್‌ಗಳಲ್ಲಿ ಹುಡುಕಿದೆ. ಸಿಗಲಿಲ್ಲ. ಅಷ್ಟರಲ್ಲಿ ತ್ರೀ ಫೇಸ್ ಬಂತು ಅಂತ ಪಕ್ಕದ ಮನೆಯವರು ಕೂಗಿದ್ರು. ಅಪ್ಪ ಟವಲ್ ಕೊಡವಿ ಹೆಗಲಿಗೆ ಹಾಕ್ಕೊಂಡು ಪಂಪ್‌ಸೆಟ್ ಕಡೆ ನಡೆದ್ರು. ಫೋನ್ ನನ್ನ ಕೈಯಲ್ಲೇ ಉಳೀತು.