ಟರ್ಕಿ ಕೋಳಿಯ ಕೂಗನ್ನು ಕಲಿಯುವ ಬಗೆ

ಪಾಣಿನೀಯ ಶಿಕ್ಷೆಯಲ್ಲಿ ಮಾತ್ರೆಗಳ ಪ್ರಮಾಣವನ್ನು ಹಕ್ಕಿಗಳ ಕೂಗಿನಿಂದ ತಿಳಿಸಿರುವುದುಂಟು. ಚಾಷಪಕ್ಷಿಯದು ಒಂದು ಮಾತ್ರೆ, ಕಾಗೆಯದು ಎರಡು, ನವಿಲಿನದು ಮೂರು. ಹುಡುಗರಿಗೆ ಇದನ್ನು ಹೇಳಿಕೊಡುವಾಗ ಇದು ಬರಿಯ ಉಪಮಾನವೆಂದೇ ನಾನು ಎಣಿಸಿದ್ದೆನು. ಹಕ್ಕಿಯ ಮಾತ್ರೆಯನ್ನು ತಿಂಗಳುಗಟ್ಟಲೆ ಸಾಧನೆಮಾಡುವ ಜನರು ಅಮೆರಿಕಾ ದೇಶದಲ್ಲಿರುವರೆಂದು ಆಮೇಲೆ ಓದಿ ತಿಳಿದೆನು. ಅವರು ಟರ್ಕಿ ಕೋಳಿಯ ಬೇಟೆಗಾರರು.

ಈ ಕೋಳಿಯು ಆ ಖಂಡದ ಕಾಡಿನದೇ. ವಸಂತಕಾಲದ ನಸುಕಿನಲ್ಲಿ ಹುಂಜವು ತಾನು ರಾತ್ರಿ ತಂಗಿದ್ದ ಮರದ ಮೇಲಿನಿಂದಲೇ ಗಟ್ಟಿಯಾಗಿ ಕೂಗುವುದು. ಹೇಂಟೆಗಳು ಅದರ ಬಳಿಗೆ ಹೋಗುವುದು ವಾಡಿಕೆ. ಬೇಟೆಗಾರನು ಮರೆಯಲ್ಲಿ ಕುಳಿತು ಹೇಂಟೆಯ ದನಿಯಿಂದ ಹುಂಜವನ್ನೇ ತನ್ನೆಡೆಗೆ ಕರೆಯುವನು. ಪ್ರಕೃತಿಯ ಕ್ರಮವನ್ನು ತಿರುಗುಮುರುಗು ಮಾಡುವ ಕೆಲಸವಾದುದರಿಂದಲೇ ಇದು ಕಷ್ಟ.

ಇದಕ್ಕೆ ಸಾಧನಗಳು ಹಲವು. ಅಲ್ಲಿಯ ಮೂಲನಿವಾಸಿಗಳು ಕೋಳಿಯ ರೆಕ್ಕೆಯ ಎಲುಬನ್ನೇ ಕೊಳವೆಮಾಡಿ ಉಸಿರೆಳೆದು ನುಡಿಸುತ್ತಿದ್ದರು. ಅರ್ಕನ್ಸಾ ಸಂಸ್ಥಾನದ ಹೆನ್ರಿ ಗಿಬ್ಸನ್ ಎಂಬವನು 1897ರಲ್ಲಿ ಮರದ ಪೆಟ್ಟಿಗೆಯೊಂದಕ್ಕೆ ಪೇಟೆಂಟು ಪಡೆದನು. ಅದರ ಮುಚ್ಚಳಕ್ಕೆ ಸೀಮೆಸುಣ್ಣ ಹಚ್ಚಿ ಅಂಚಿನ ಮೇಲೆ ಉಜ್ಜಿದರೆ ಕೂಗು ಹೊರಡುವುದು. ಹೊಸಬರಿಗೆ ಇದೇ ಸುಲಭ. ಸ್ಲೇಟಿನ ಮೇಲೆ ಕಡ್ಡಿಯನ್ನು ಎಳೆಯುವುದು ಇನ್ನೊಂದು ಬಗೆ. ಬಳಪವನ್ನು ಕಿರ್ರೆನ್ನಿಸಿದ ಹುಡುಗರನ್ನು ನಾನೆಷ್ಟು ಗದರಿಸಿದ್ದೆನೋ. ಅಲ್ಲಿ ಅದೂ ಒಂದು ವಿದ್ಯೆ! ಅಂಗುಳಿಗೆ ಒತ್ತಿಟ್ಟು ಊದುವ ರಬ್ಬರಿನ ಪೊರೆಯೂ ಉಂಟು. ಅದರಿಂದ ಕೈಗಳೆರಡೂ ಬಿಡುವಾಗಿರುವುವು. ಆದರೆ ಮೊದಮೊದಲು ಓಕರಿಕೆ ಬರುವುದೇ ಹೆಚ್ಚು.

ಮುಖ್ಯವಾಗಿ ಕಲಿಯತಕ್ಕ ಕೂಗು, ಎತ್ತರದಲ್ಲಿ ತೆಳುವಾಗಿ ಹುಟ್ಟಿ ಒಡನೆಯೇ ತಗ್ಗಿನ ಒರಟು ದನಿಗೆ ಮುರಿದು ಬೀಳುವಂಥದು. ಇದನ್ನು ಸಮನಾದ ಅಂತರದಲ್ಲಿ ಐದಾರು ಸಲ ಹೇಳಬೇಕು. ದನಿ ಸ್ವಲ್ಪ ಕೆಟ್ಟರೂ ನಡೆಯುವುದು, ಲಯ ಕೆಡಬಾರದೆಂಬುದು ಪಳಗಿದವರ ಮಾತು. ನಿಜವಾದ ಹೇಂಟೆಗಳಲ್ಲಿಯೂ ಕರ್ಕಶಕಂಠದವು ಇಲ್ಲದಿಲ್ಲ. ಆದುದರಿಂದ ವಾದ್ಯವನ್ನು ಮುಟ್ಟುವ ಮೊದಲು ನಿಜವಾದ ಹಕ್ಕಿಯನ್ನು ಕಿವಿಗೊಟ್ಟು ಕೇಳಬೇಕು. ಹೊಸಬನ ದೊಡ್ಡ ದೋಷವೆಂದರೆ ವಾಚಾಳಿತನ. ಹುಂಜವು ಉತ್ತರಕೊಟ್ಟಿತೆಂಬ ಹಿಗ್ಗಿನಲ್ಲಿ ಅವನು ಕೂಗುತ್ತಲೇ ಇರುವನು. ಅದು ಇದ್ದಲ್ಲಿಯೇ ನಿಂತು ಹೇಂಟೆಯ ದಾರಿ ಕಾಯುವುದು. ಸುಮ್ಮನಾದರೆ ಹುಡುಕಿಕೊಂಡು ಬಂದೀತು.

ವಸಂತದ ಬೇಟೆಯಲ್ಲಿ ಸಾಮಾನ್ಯವಾಗಿ ಎದೆಯಲ್ಲಿ ಗಡ್ಡದಂಥ ಕೂದಲಿರುವ ಹಕ್ಕಿಗೆ ಮಾತ್ರ ಗುಂಡಿಡಬಹುದು. ಆದರೆ ಈ ವಿದ್ಯೆಯ ಅಪಾಯ ಬೇರೆಯೇ ಇದೆ. ಅನುಕರಣವು ಚೆನ್ನಾದಷ್ಟೂ ಮೋಸಹೋಗುವುದು ಕೋಳಿಯೊಂದೇ ಅಲ್ಲ. ಪೊದೆಯಾಚೆಯ ಇನ್ನೊಬ್ಬ ಬೇಟೆಗಾರನೂ ಮೋಸಹೋಗಿ ಬಂದೂಕು ಎತ್ತಬಹುದು. ಹೀಗೆ ಮನುಷ್ಯರಿಗೆ ಗುಂಡು ತಗಲಿದ್ದುಂಟು. ಈ ಕಾರಣದಿಂದ ಹೆಗಲಿಗಿಂತ ಅಗಲವಾದ ಮರಕ್ಕೆ ಬೆನ್ನುಕೊಟ್ಟು ಕೂಡಬೇಕು. ಕೆಂಪು, ಬಿಳಿ, ನೀಲಿ ಬಟ್ಟೆಗಳು ಕೂಡದು; ಹುಂಜದ ತಲೆಯ ಬಣ್ಣಗಳು ಅವೇ. ಕೂಗು ಕೇಳಿದ ಕಡೆಗೆ ತಾನು ಹೊಂಚುತ್ತ ಹೋಗಲೂಬಾರದು. ಯಾರಾದರೂ ಹತ್ತಿರ ಬಂದರೆ ಕೈಬೀಸದೆ, ಕದಲದೆ, ಮನುಷ್ಯಕಂಠದಿಂದ ಗಟ್ಟಿಯಾಗಿ ಮಾತಾಡಬೇಕು. ಬೆಳಗಿನಿಂದ ಕರೆದು ಹತ್ತಿರಕ್ಕೆ ತಂದ ಹುಂಜವು ಆ ಮಾತಿಗೆ ಬೆದರಿ ಓಡಿದರೆ ಓಡಲಿ.