ಕರೆಯುವುದು ಬೇರೆ, ಬೇಡುವುದು ಬೇರೆ

ಸೂರ್ಯ, ಮಳೆ, ಮಣ್ಣುಗಳ ಹೆಸರೆತ್ತಿ ಮಾಡುವ ಪ್ರಾರ್ಥನೆ ಕ್ರೈಸ್ತಾರಾಧನೆಗೆ ಸಲ್ಲದು, ಅದು ಪ್ರಕೃತಿಪೂಜೆಗೆ ಬಾಗಿಲು ತೆರೆಯುತ್ತದೆ ಎಂಬ ಆಕ್ಷೇಪಣೆಯುಂಟು. ಸಿಂಧನೂರು, ಲಿಂಗಸುಗೂರು, ಮಸ್ಕಿಗಳಂಥ ಒಕ್ಕಲುತನದ ಸೀಮೆಯಲ್ಲಿ ಈ ಮಾತನ್ನು ಒಪ್ಪಿದರೆ ಸಭೆಯವರ ಬಾಯಿ ಕಟ್ಟಿದಂತೆಯೇ ಸರಿ. ನಾನು ಇದನ್ನು ಒಪ್ಪಲಾರೆ.

ಸತ್ಯವೇದದ 148ನೆಯ ಕೀರ್ತನೆಯನ್ನು ತೆರೆದು ನೋಡಿ. ಅಲ್ಲಿ ಸೂರ್ಯಚಂದ್ರರನ್ನೂ ಹಿಮವನ್ನೂ ಬಿರುಗಾಳಿಯನ್ನೂ ಸಂಬೋಧಿಸಿಯೇ ಕರೆಯಲಾಗಿದೆ. ಸಂಬೋಧನೆಯೇ ದೋಷವಾಗಿದ್ದರೆ ಕೀರ್ತನೆಗಾರನೇ ಮೊದಲ ಅಪರಾಧಿ! ಆದರೆ ಅವನು ಅವುಗಳಿಂದ ವರ ಬೇಡಲಿಲ್ಲ. ದೇವರನ್ನು ಸ್ತುತಿಸಿರೆಂದು ಅವುಗಳನ್ನು ಕರೆದನು. ಪ್ರಾರ್ಥನೆಯ ಶುದ್ಧಿಯನ್ನು ನಾಮಪದದಲ್ಲಿ ಹುಡುಕಿ ಫಲವಿಲ್ಲ, ಕ್ರಿಯಾಪದದಲ್ಲಿ ಹುಡುಕಬೇಕು.

ಅಸಿಸಿಯ ಸಂತ ಫ್ರಾನ್ಸಿಸನು 13ನೆಯ ಶತಮಾನದಲ್ಲಿ ಕಟ್ಟಿದ ಸೃಷ್ಟಿಗೀತೆಯಲ್ಲಿ ಭೂಮಿ ತಾಯಿಯೂ ಹೌದು, ಸೋದರಿಯೂ ಹೌದು. ಸ್ತುತಿ ಮಾತ್ರ ಕರ್ತನಿಗೇ. ಅಲ್ಲಿನ 'ಪೆರ್' ಎಂಬ ಶಬ್ದಕ್ಕೆ 'ಇಂದ' ಎಂದೂ 'ಗಾಗಿ' ಎಂದೂ ಪಂಡಿತರು ಅರ್ಥ ಮಾಡಿದ್ದಾರೆ. ಕನ್ನಡದಲ್ಲಾದರೋ ಪ್ರತ್ಯಯವನ್ನು ಆರಿಸಿಕೊಳ್ಳದೆ ಗತಿಯಿಲ್ಲ: ಮಳೆಯಿಂದ ನಿನಗೆ ಸ್ತೋತ್ರ, ಮಳೆಗಾಗಿ ನಿನಗೆ ಸ್ತೋತ್ರ. ಎರಡೂ ಸಾಧುವೇ. 'ಮಳೆಗೆ ಸ್ತೋತ್ರ' ಎಂದಾಗ ಮಾತ್ರ ದಾರಿ ತಪ್ಪುತ್ತದೆ. ಇಷ್ಟು ವ್ಯಾಕರಣ ಸಾಕು, ನಿಷೇಧ ಬೇಕಾಗಿಲ್ಲ.

ಇನ್ನು ಎದುರು ಪಕ್ಷದವರಿಗೂ ಒಂದು ಮಾತು. ಹೂವು, ಇಬ್ಬನಿ, ಹಕ್ಕಿಗಳನ್ನು ಪೋಣಿಸಿದ ಸವಿಸವಿ ಪ್ರಾರ್ಥನೆಗಳಲ್ಲಿ ತಪ್ಪಿಲ್ಲದಿರಬಹುದು, ಆದರೆ ಈ ನೆಲದ ಸತ್ಯವೂ ಇಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಸಿಂಧನೂರಿಗೆ ಭತ್ತವನ್ನು ತಂದಿತು. ನೀರನ್ನು ಅತಿಯಾಗಿ ಹಾಯಿಸಿದ ಕಡೆ ಜವುಳು, ಸವುಳುಗಳನ್ನೂ ತಂದಿತು. ಮೇಲಿನವರು ಕಟ್ಟಿಕೊಂಡ ನೀರು ಕೊನೆಭಾಗದ ಹೊಲಕ್ಕೆ ಮುಟ್ಟುವುದಿಲ್ಲ. 2021ರ ಉಪಚುನಾವಣೆಯ ಹೊತ್ತಿಗೆ ಮಸ್ಕಿಯಲ್ಲಿ 5ಎ ಕಾಲುವೆಯದೇ ಮಾತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋಯಿತು. ಆ ವಾರ ಇಬ್ಬನಿಯ ಪ್ರಾರ್ಥನೆ ಯಾರ ಬಾಯಿಗೆ ಹಿಡಿಸೀತು?

ಆದಿಕಾಂಡದ 2ನೆಯ ಅಧ್ಯಾಯವು ತೋಟವನ್ನು ವ್ಯವಸಾಯ ಮಾಡುವ ಕೆಲಸದೊಡನೆ ಕಾಯುವ ಕೆಲಸವನ್ನೂ ಮನುಷ್ಯನಿಗೆ ಒಪ್ಪಿಸುತ್ತದೆ. ಕಾಯದವನು ಬರಿಯ ಕೃತಜ್ಞತೆ ಹೇಳಿ ಎದ್ದುಹೋಗುವಂತಿಲ್ಲ, ಪಾಪನಿವೇದನೆಯನ್ನೂ ಮಾಡಬೇಕು. ಸುಗ್ಗಿಹಬ್ಬಕ್ಕೆ ಭತ್ತ, ಜೋಳಗಳನ್ನು ತಂದು ಅರ್ಪಿಸುವವರು ಕೆಳಗಿನ ಹೊಲದವನ ನೀರನ್ನು ತಿರುಗಿಸಿಕೊಂಡದ್ದನ್ನೂ ಅಲ್ಲಿಯೇ ಹೇಳಿಕೊಳ್ಳಲಿ. ಮಣ್ಣನ್ನು ಹೆಸರಿಸಿದ್ದರಿಂದ ಆರಾಧನೆ ಕೆಡುವುದಿಲ್ಲ. ಅದನ್ನು ಹಾಳುಮಾಡಿ, ಮೇಲೆ ಹಾಡಿಹೊಗಳಿದರೆ ಕೆಡುತ್ತದೆ.

ಅಂಥ ಪ್ರಾರ್ಥನೆಯನ್ನು ಈ ಸೀಮೆಯ ಕನ್ನಡದಲ್ಲಿ ನುಡಿಯಬಲ್ಲ ಒಕ್ಕಲಿಗರು ನಮ್ಮ ಸಭೆಗಳಲ್ಲಿಯೇ ಇದ್ದಾರೆ. ಹಿರಿಯರು ಅವರಿಗೆ ಬಾಯಿ ಬಿಡಲು ಎಡೆಗೊಡಲಿ.