ಬಡಕಲ ಕುದುರಿಗೆ ಮೊದಲ ಹುಲ್ಲು, ಆಮ್ಯಾಲ ಕಾಳು

ನಮ್ಮ ವಿಜಯಪುರದಾಗ ಇನ್ನೂ ಟಾಂಗಾ ಅದಾವ. ಪಕ್ಕಡಿ ಎಣಿಸೂ ಹಂಗ ಇರೂ ಕುದುರಿ ಕಂಡ್ರ ಮಂದಿ, "ಪಾಪ, ಗೋವಿನಜ್ವಾಳ ಹೆಚ್ಚಿಗಿ ಹಾಕ್ರಿ" ಅಂತಾರ. ನನಗ ಇದು ಒಪ್ಪಿಗಿ ಇಲ್ರೀ.

ಕುದುರಿ ಹೊಟ್ಟಿ ಅದರ ಮೈಗೆ ನೋಡಿದ್ರ ಭಾಳ ಸಣ್ಣದು. ಒಮ್ಮೆಲೆ ಕಾಳು ಸುರುವಿದ್ರ ಅರ್ಧಾ ಹಂಗ ದೊಡ್ಡ ಕರುಳಿಗೆ ಇಳದು ಹುಳಿ ಬರ್ತದ. ಹೊಟ್ಟಿಶೂಲಿ ಆಗಬಹುದು, ಗೊರಸಿಗೆ ಬ್ಯಾನಿ ಬಂದು ಕುಂಟಬಹುದು. ಅದಕ್ಕ ವಾಂತಿ ಮಾಡಾಕೂ ಬರಂಗಿಲ್ಲ. ಮ್ಯಾಲ ಸೊಕ್ಕೇರಿ ಹಾರ್ನ್ ಸಪ್ಪಳಕ್ಕ ಬೆದರ್ತದ. ಹಿಂದ ಟಾಂಗಾದಾಗ ನಮ್ಮ ಮಕ್ಕಳೇ ಕುಂತಿರ್ತಾವ.

ಮೊದಲ ದನದ ಡಾಕ್ಟರಿಗೆ ಹಲ್ಲು ತೋರಿಸಬೇಕು, ಜಂತಿನ ಔಷಧ ಕೇಳಬೇಕು. ಹಲ್ಲು ಚೂಪಾಗಿದ್ರ ಸರಿ ಅಗಿಯಾಕ ಆಗಂಗಿಲ್ಲ, ತಿಂದದ್ದು ಮೈಗೆ ಹತ್ತಂಗಿಲ್ಲ. ಆಮ್ಯಾಲ 300 ಕಿಲೋ ತೂಕದ ಕುದುರಿಗೆ ದಿನಕ್ಕ 5–6 ಕಿಲೋ ಒಣಹುಲ್ಲು, ಇಡೀ ದಿನ ಸ್ವಲ್ಪ ಸ್ವಲ್ಪ. ಕುದುರಿಮಸಾಲಿ ಸೊಪ್ಪು ಬೆರೆಸಿದ್ರ ಛಲೋ. ಇದು ಒಗ್ಗಿದ ಮ್ಯಾಲ ಎರಡು ಚಮಚ ಅಡಗಿ ಎಣ್ಣಿ ಸುರು ಮಾಡಿ, ವಾರವಾರ ಹೆಚ್ಚಿಸಬೇಕು. ಎಣ್ಣಿಯೊಳಗ ಅಷ್ಟೇ ತೂಕದ ಕಾಳಿಗಿಂತ ಎರಡಪಟ್ಟು ಶಕ್ತಿ ಅದ, ಕಾಳಿನಂಗ ಸೊಕ್ಕು ಏರಿಸಂಗಿಲ್ಲ.

ಬಾಣಂತಿಗೆ ಮೊದಲ ದಿನಾನ ಡಬ್ಬಿ ಅಂಟಿನುಂಡಿ ತಿನಸ್ತೀವೇನ್ರೀ? ಇದೂ ಹಂಗ. ಮೈ ತುಂಬಾಕ ತಿಂಗಳುಗಟ್ಟಲೆ ಬೇಕು.

ಹುಲ್ಲು ತುಟ್ಟಿ ಅಂತ ಟಾಂಗಾದವರು ಅಂತಾರ. ಖರೇನ. ಆದ್ರ ಬೆದರೂ ಕುದುರಿ ಇನ್ನೂ ತುಟ್ಟಿ. ಅದಕ್ಕ ಬಾಡಿಗಿ ಹತ್ತು ರೂಪಾಯಿ ಹೆಚ್ಚಿಗಿ ಕೇಳಿದ್ರ ಚೌಕಾಶಿ ಮಾಡಬ್ಯಾಡ್ರಿ. "ಇವತ್ತ ಹುಲ್ಲು ಎಷ್ಟು ಹಾಕೀರಿ?" ಅಂತ ಕೇಳಿ ಹತ್ರಿ.